ಚೆಂಬೂರಿನ ಫ್ಯೂಷನ್ ಸಂಗೀತ

ಮುಂಬಯಿಯ ಪೂರ್ವ ಉಪನಗರ ಚೆಂಬೂರಿನ ನಂಟಿರುವ ಕಲಾವಿದರು ರಾಗ ಸಂಗೀತವನ್ನು ಜಾಝ್, ಬ್ಲೂಸ್, ಫಂಕ್‌ಗಳ ಜತೆ ಕೂಡಿಸಿದ ಪ್ರಯೋಗಗಳ ಪರಂಪರೆ. ಇದರ ಮುಖ್ಯ ಘಟ್ಟಗಳು ಮೂರು: ಆರ್.ಕೆ. ಸ್ಟುಡಿಯೋದ ಸಂಗೀತ ನಿರ್ದೇಶಕರಾಗಿ ಹೆಸರಾದ ಶಂಕರ್-ಜೈಕಿಶನ್ ಅವರ 1968ರ ‘ರಾಗ-ಜಾಝ್ ಸ್ಟೈಲ್’ ಧ್ವನಿಮುದ್ರಿಕೆ; ಚೆಂಬೂರಿನಲ್ಲಿ ಹುಟ್ಟಿ ಬೆಳೆದ ಶಂಕರ್ ಮಹಾದೇವನ್ ಹಾಡಿದ ‘ಸಿಲ್ಕ್’ ತಂಡ; ಅದೇ ಗಾಯಕ ಮುಂದೆ ಸೇರಿದ ‘ಶಕ್ತಿ’. ಇವು ಒಂದರಿಂದೊಂದು ಹುಟ್ಟಿದವಲ್ಲ, ಒಬ್ಬರ ಶಿಷ್ಯರು ಇನ್ನೊಬ್ಬರೂ ಅಲ್ಲ. ಊರು ಒಂದೇ, ಎದುರಾದ ತೊಡಕೂ ಒಂದೇ. ಶ್ರುತಿ ಬಿಟ್ಟು ಕದಲದ ಸಂಗೀತವನ್ನು, ಕ್ಷಣಕ್ಷಣಕ್ಕೂ ನೆಲೆ ಬದಲಿಸುವ ಸಂಗೀತದ ಪಕ್ಕದಲ್ಲಿ ಕೂರಿಸುವುದು ಹೇಗೆ?

ಊರು

ದೇಶವಿಭಜನೆಯ ನಂತರ ಸಿಂಧ್‌ನಿಂದ ಬಂದವರಿಗೆ ಇಲ್ಲಿ ನೆಲೆ ಸಿಕ್ಕಿತು. ಚೆಂಬೂರ್ ಕ್ಯಾಂಪ್ ಎಂಬ ಹೆಸರು ಆ ದಿನಗಳದ್ದು. 1954ರಲ್ಲಿ ಪಕ್ಕದ ಟ್ರಾಂಬೆಯಲ್ಲಿ ಅಣುಶಕ್ತಿ ಸಂಸ್ಥೆ ಶುರುವಾಯಿತು. ಅದೇ ದಶಕದಲ್ಲಿ ತೈಲ ಶುದ್ಧೀಕರಣ ಘಟಕಗಳು ಬಂದವು. ಎಂಜಿನಿಯರು, ಗುಮಾಸ್ತ, ವಿಜ್ಞಾನಿಗಳಾಗಿ ದಕ್ಷಿಣದವರು ಸಾಲುಸಾಲಾಗಿ ಬಂದು ನೆಲೆಸಿದರು. ತಮಿಳರು, ಪಾಲಕ್ಕಾಡಿನವರು, ಕನ್ನಡಿಗರು, ತುಳುವರು ಎಲ್ಲರೂ ಇದ್ದರು. ಊರಿನಿಂದ ತಂದದ್ದರಲ್ಲಿ ಕಾಫಿಯ ಫಿಲ್ಟರ್ ಎಷ್ಟು ಮುಖ್ಯವೋ ತಂಬೂರಿಯೂ ಅಷ್ಟೇ ಮುಖ್ಯ. 1962ರಲ್ಲಿ ಚೆಂಬೂರಿನ ಫೈನ್ ಆರ್ಟ್ಸ್ ಸೊಸೈಟಿ ಹುಟ್ಟಿತು. ಅದರ ಶಿವಸ್ವಾಮಿ ಸಭಾಂಗಣ ಇಂದಿಗೂ ಮುಂಬಯಿಯ ಕರ್ನಾಟಕ ಸಂಗೀತದ ದೊಡ್ಡ ವೇದಿಕೆಗಳಲ್ಲಿ ಒಂದು. ಕನ್ನಡಿಗರ ಚೆಂಬೂರು ಕರ್ನಾಟಕ ಸಂಘವೂ ಇಲ್ಲೇ ಬೇರೂರಿತು.

ಸಂಗೀತ ಸಭೆಯ ಚೆಂಬೂರು ಇದಾದರೆ ಸಿನಿಮಾದ ಚೆಂಬೂರು ಬೇರೆಯೇ. ರಾಜ್ ಕಪೂರ್ 1948ರಲ್ಲಿ ಆರ್.ಕೆ. ಫಿಲ್ಮ್ಸ್ ಆರಂಭಿಸಿದರು. ಸಯನ್–ಟ್ರಾಂಬೆ ರಸ್ತೆಯಲ್ಲಿ ಅದರ ಸ್ಟುಡಿಯೋ ಎದ್ದಿತು.

ರಾಗ-ಜಾಝ್ ಸ್ಟೈಲ್

1949ರ ‘ಬರ್ಸಾತ್’ನಿಂದ 1970ರ ‘ಮೇರಾ ನಾಮ್ ಜೋಕರ್’ವರೆಗೆ ಆರ್.ಕೆ. ಚಿತ್ರಗಳ ಸಂಗೀತವೆಂದರೆ ಬಹುಮಟ್ಟಿಗೆ ಶಂಕರ್-ಜೈಕಿಶನ್. ಹೈದರಾಬಾದಿನ ಶಂಕರ್‌ಗೆ ತಬಲಾ ಕೈವಶ, ಗುಜರಾತಿನ ಜೈಕಿಶನ್‌ಗೆ ಹಾರ್ಮೋನಿಯಂ. ಪಾಶ್ಚಾತ್ಯ ವಾದ್ಯವೃಂದಕ್ಕೆ ನೋಟೇಶನ್ ಬರೆಯುವ ಕೆಲಸ ಗೋವೆಯ ಸೆಬಾಸ್ಟಿಯನ್ ಡಿಸೋಜಾ ಅವರದು. ಹಿಂದಿ ಚಿತ್ರಸಂಗೀತದ ತೆರೆಯ ಹಿಂದೆ ದುಡಿದ ಗೋವಾ ಕ್ರೈಸ್ತ ಸಂಗೀತಗಾರರಲ್ಲಿ ಹಲವರು ಹಗಲು ರೆಕಾರ್ಡಿಂಗ್ ಮುಗಿಸಿ ರಾತ್ರಿ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದವರು. ಆ ವಿದ್ಯೆಗೂ ಒಂದು ವಂಶಾವಳಿ ಇದೆ. 1935ರಲ್ಲಿ ಆಫ್ರಿಕನ್ ಅಮೆರಿಕನ್ ಪಿಟೀಲುವಾದಕ ಲಿಯಾನ್ ಆಬಿ ತನ್ನ ತಂಡದೊಂದಿಗೆ ಮುಂಬಯಿಯ ತಾಜ್ ಹೋಟೆಲಿಗೆ ಬಂದರು. ಅಂಥವರನ್ನು ಕೇಳಿ ಕೇಳಿ ಕಲಿತ ತಲೆಮಾರು ಮುಂದೆ ಸ್ಟುಡಿಯೋಗಳನ್ನು ತುಂಬಿತು. ಚಿತ್ರದ ಟೈಟಲ್ಲುಗಳಲ್ಲಿ ಇವರ ಹೆಸರು ಬಂದದ್ದು ಅಪರೂಪ. ಶಾಸ್ತ್ರೀಯ ಸಂಗೀತದ ಇತಿಹಾಸಕಾರರೂ ಇವರನ್ನು ಬಹುಕಾಲ ಲೆಕ್ಕಕ್ಕೆ ಹಿಡಿಯಲಿಲ್ಲ.

‘ರಾಗ-ಜಾಝ್ ಸ್ಟೈಲ್’ 1968ರಲ್ಲಿ ಬಂತು. ಎರಡು ವರ್ಷ ಮೊದಲು ಲಂಡನ್ನಿನಲ್ಲಿ ಕಲ್ಕತ್ತಾ ಮೂಲದ ಜಾನ್ ಮೇಯರ್ ಹಾಗೂ ಜಮೈಕಾದ ಸ್ಯಾಕ್ಸೋಫೋನ್ ವಾದಕ ಜೋ ಹ್ಯಾರಿಯಟ್ ಸೇರಿ ‘ಇಂಡೋ-ಜಾಝ್ ಸ್ವೀಟ್’ ತಂದಿದ್ದರು. ಶಂಕರ್-ಜೈಕಿಶನ್ ಆಯ್ದದ್ದು ಹನ್ನೊಂದು ರಾಗಗಳನ್ನು. ತೋಡಿ, ಭೈರವ್, ಮಾಲಕೌಂಸ್, ಕಲಾವತಿ, ಜೈಜೈವಂತಿ, ಶಿವರಂಜನಿ, ಭೈರವಿ ಅವುಗಳಲ್ಲಿ ಸೇರಿವೆ. ಸಿತಾರ್ ನುಡಿಸಿದವರು ರಯೀಸ್ ಖಾನ್, ಸ್ಯಾಕ್ಸೋಫೋನ್ ಮನೋಹಾರಿ ಸಿಂಗ್, ಟ್ರಂಪೆಟ್ ಜಾನ್ ಪೆರೇರಾ, ಡ್ರಮ್ಸ್ ಲೆಸ್ಲಿ ಗೊಡಿನ್ಹೊ. ಹೆಚ್ಚಿನ ತುಣುಕುಗಳಲ್ಲಿ ಸಿತಾರ್ ರಾಗದ ಮುಖ ತೋರುತ್ತದೆ, ಹಿತ್ತಾಳೆ ವಾದ್ಯಗಳು ಅದಕ್ಕೆ ಉತ್ತರ ಕೊಡುತ್ತವೆ, ಡ್ರಮ್ಸ್ ಇಬ್ಬರನ್ನೂ ಮುಂದಕ್ಕೆ ತಳ್ಳುತ್ತದೆ. ರಾಗವಿಸ್ತಾರ ಬಯಸುವವರಿಗೆ ಇದು ತೀರಾ ಚುಟುಕು. ಮೂರು ನಿಮಿಷದ ಚಿತ್ರಗೀತೆಯ ಅಭ್ಯಾಸ ಅಲ್ಲಿಯೂ ಬಿಟ್ಟಿಲ್ಲ. ಆದರೂ ಮಾಲಕೌಂಸ್‌ನಲ್ಲಿ, ಅಂದರೆ ನಮ್ಮ ಕರ್ನಾಟಕ ಪದ್ಧತಿಯ ಹಿಂದೋಳದಲ್ಲಿ, ಟ್ರಂಪೆಟ್ ಇಷ್ಟು ಸಲೀಸಾಗಿ ಓಡಾಡಬಲ್ಲದು ಎಂದು ತೋರಿಸಿದ್ದು ಸಣ್ಣ ಮಾತಲ್ಲ. 1971ರಲ್ಲಿ ಜೈಕಿಶನ್ ತೀರಿಕೊಂಡರು. 1973ರ ‘ಬಾಬಿ’ಯ ಹೊತ್ತಿಗೆ ಆರ್.ಕೆ. ಸಂಗೀತ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಕೈಸೇರಿತ್ತು. ಶಂಕರ್-ಜೈಕಿಶನ್ ಹೆಸರಿನಲ್ಲಿ ಈ ದಾರಿಯ ಎರಡನೇ ಧ್ವನಿಮುದ್ರಿಕೆ ಬರಲಿಲ್ಲ.

ಬ್ಲೂಸ್, ಫಂಕ್ ಮತ್ತು ರಾಗದ ಲೆಕ್ಕಾಚಾರ

ಬ್ಲೂಸ್ ಅಮೆರಿಕದ ಕಪ್ಪು ಜನರ ದುಡಿಮೆಯ ಹಾಡು, ಚರ್ಚಿನ ಹಾಡುಗಳಿಂದ ಬೆಳೆದದ್ದು. ಅದು ಹೆಚ್ಚಾಗಿ ಬಳಸುವ ಐದು ಸ್ವರಗಳನ್ನು ಬರೆದರೆ ಸ ಗ₂ ಮ₁ ಪ ನಿ₂, ಅಂದರೆ ಶುದ್ಧ ಧನ್ಯಾಸಿ ರಾಗ. ಇದರ ಗಾಂಧಾರ ನಿಂತಲ್ಲಿ ನಿಲ್ಲುವುದಿಲ್ಲ, ಸಾಧಾರಣಕ್ಕೂ ಅಂತರಕ್ಕೂ ನಡುವೆ ತೂಗುತ್ತದೆ. ಗಿಟಾರ್ ವಾದಕ ತಂತಿಯನ್ನು ಅಡ್ಡಕ್ಕೆ ಎಳೆದು ಆ ತೂಗಾಟ ತರುತ್ತಾನೆ. ವೈಣಿಕರು ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ತರುವುದೂ ಹೀಗೆಯೇ. ತಾಳದ ಲೆಕ್ಕವೂ ಹೊಂದುತ್ತದೆ: ಬ್ಲೂಸ್‌ನ ಒಂದು ಸುತ್ತು ನಾಲ್ಕೆಣಿಕೆಯ ಹನ್ನೆರಡು ಮನೆ, ಒಟ್ಟು 48 ಎಣಿಕೆ, ಆದಿತಾಳದ ಆರು ಆವರ್ತನಕ್ಕೆ ಸರಿಸಮ.

ಇಷ್ಟು ಹೊಂದಿಕೆ ಕಂಡು, ಬೆಸುಗೆ ಸುಲಭ ಎಂದುಕೊಂಡವರೇ ಹೆಚ್ಚು ಎಡವಿದ್ದಾರೆ. ಬ್ಲೂಸ್‌ನ ಸುತ್ತು ಷಡ್ಜ, ಮಧ್ಯಮ, ಪಂಚಮಗಳನ್ನು ಸರದಿಯಂತೆ ನೆಲೆ ಮಾಡಿಕೊಳ್ಳುವ ಮೂರು ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಮೇಲೆ ನಿಂತಿದೆ. ಕಾರ್ಡ್ ಮಧ್ಯಮಕ್ಕೆ ಸರಿದ ಕೂಡಲೇ ಕಿವಿಗೆ ಮಧ್ಯಮವೇ ಸ ಎನಿಸತೊಡಗುತ್ತದೆ, ಅರಿವಿಲ್ಲದೆ ಗ್ರಹಭೇದವಾಗಿ ರಾಗ ಕೈಜಾರುತ್ತದೆ. ಹಾಡುಗಾರ ತನ್ನ ಷಡ್ಜವನ್ನು ಮನಸ್ಸಿನಲ್ಲೇ ಗಟ್ಟಿಯಾಗಿ ಹಿಡಿದಿರಬೇಕು.

ಫಂಕ್ ಬೇರೆ ಜಾತಿಯದು. 1960ರ ದಶಕದಲ್ಲಿ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಅದನ್ನು ರೂಪಿಸಿದಾಗ ಮಾಧುರ್ಯವನ್ನು ಹಿಂದಿಟ್ಟು ಲಯವನ್ನು ಮುಂದಿಟ್ಟರು. ಬೇಸ್ ಗಿಟಾರೇ ಯಜಮಾನ, ಮೊದಲ ಪೆಟ್ಟಿಗೇ ಎಲ್ಲ ತೂಕ. ಸಮಕ್ಕೆ ಬಂದು ಬೀಳುವ ಸುಖವನ್ನು ಮುಕ್ತಾಯಗಳಲ್ಲಿ ಉಂಡವರಿಗೆ ಇದು ಹೊಸದೇನಲ್ಲ. ಮೃದಂಗದ ಎಡಭಾಗದಲ್ಲಿ ಅಂಗೈ ಜಾರಿಸಿ ತರುವ ಗುಮ್ಕಿಗೂ ಬೇಸ್ ತಂತಿಯ ಮೇಲಿನ ಜಾರಿಕೆಗೂ ಸೋದರಿಕೆ ಇದೆ. ಕಾರ್ಡ್ ಹೆಚ್ಚು ಬದಲಾಗದ ಕಾರಣ, ರಾಗಕ್ಕೆ ಬ್ಲೂಸ್‌ಗಿಂತ ಫಂಕ್ ಒಗ್ಗುತ್ತದೆ. ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಇದನ್ನು ಬೇಗ ಕಂಡುಕೊಂಡರು. 1972ರ ‘ಆನ್ ದ ಕಾರ್ನರ್’ನಲ್ಲಿ ಫಂಕ್ ಬೇಸ್‌ನ ಜತೆ ಬಾದಲ್ ರಾಯ್ ಅವರ ತಬಲಾವೂ ಸಿತಾರವೂ ಕೇಳುತ್ತವೆ.

ಶಂಕರ್ ಮಹಾದೇವನ್ ಮತ್ತು ಸಿಲ್ಕ್

ಶಂಕರ್ ಮಹಾದೇವನ್ ಹುಟ್ಟಿದ್ದು 3 ಮಾರ್ಚ್ 1967ರಂದು, ಚೆಂಬೂರಿನ ಪಾಲಕ್ಕಾಡು ಮೂಲದ ಕುಟುಂಬದಲ್ಲಿ. ಐದನೇ ವಯಸ್ಸಿಗೆ ವೀಣೆ ಹಿಡಿದರು. ಕರ್ನಾಟಕ ಗಾಯನವನ್ನು ಟಿ.ಆರ್. ಬಾಲಾಮಣಿ ಅವರಲ್ಲಿ ಕಲಿತರು. ಮರಾಠಿ ಭಾವಗೀತೆಗಳ ದೊಡ್ಡ ಸಂಯೋಜಕ ಶ್ರೀನಿವಾಸ ಖಳೆ ಅವರ ಮಾರ್ಗದರ್ಶನವೂ ಸಿಕ್ಕಿತು. ನಮ್ಮ ಗದಗಿನ ಭೀಮಸೇನ ಜೋಶಿಯವರು ಲತಾ ಮಂಗೇಶ್ಕರ್ ಜತೆ ಹಾಡಿದ, ಖಳೆ ಸಂಯೋಜನೆಯ ‘ರಾಮ್ ಶ್ಯಾಮ್ ಗುಣ್ ಗಾನ್’ನಲ್ಲಿ ವೀಣೆ ನುಡಿಸಿದ್ದು ಈ ಹುಡುಗನೇ. ಆಮೇಲೆ ಎಂಜಿನಿಯರಿಂಗ್ ಓದು, ಸಾಫ್ಟ್‌ವೇರ್ ಕೆಲಸ. ಚೆಂಬೂರಿನ ಮಧ್ಯಮವರ್ಗದ ಮನೆಗಳಲ್ಲಿ ಇದು ಹೆಚ್ಚುಕಡಿಮೆ ಕಟ್ಟುಪಾಡು. ಕೆಲಸ ಬಿಟ್ಟು ಜಾಹೀರಾತು ಜಿಂಗಲ್‌ಗಳ ಲೋಕಕ್ಕೆ ಬಂದಾಗ ಅಲ್ಲಿ ಸಿಕ್ಕವರು ಜಾಝ್ ನುಡಿಸುವವರು.

ಅವರಲ್ಲಿ ಹಿರಿಯರು ಲೂಯಿಸ್ ಬ್ಯಾಂಕ್ಸ್. 1941ರಲ್ಲಿ ಡಾರ್ಜಿಲಿಂಗ್‌ನಲ್ಲಿ ಹುಟ್ಟಿದ ಈ ನೇಪಾಳಿ ಭಾಷಿಕ ಪಿಯಾನೋ ವಾದಕ ಕಲ್ಕತ್ತೆಯ ಪಾರ್ಕ್ ಸ್ಟ್ರೀಟಿನಲ್ಲಿ ಹೆಸರು ಮಾಡಿ ಮುಂಬಯಿಗೆ ಬಂದವರು. ಬ್ಯಾಂಕ್ಸ್, ಬೇಸ್ ಗಿಟಾರಿನ ಕಾರ್ಲ್ ಪೀಟರ್ಸ್, ಚೆನ್ನೈನ ತಾಳವಾದ್ಯಗಾರ ಶಿವಮಣಿ ಮತ್ತು ಶಂಕರ್ ಮಹಾದೇವನ್ ಸೇರಿ ಕಟ್ಟಿದ್ದೇ ‘ಸಿಲ್ಕ್’. ಹಾಡುಗಾರ ಇಲ್ಲಿ ಸಾಹಿತ್ಯಕ್ಕಿಂತ ಸ್ವರಕ್ಕೆ, ಆಲಾಪಕ್ಕೆ, ಬಾಯಲ್ಲೇ ತಾಳದ ಸೊಲ್ಲು ನುಡಿಯುವ ಕೊನ್ನಕ್ಕೋಲ್‌ನ ಜತಿಗಳಿಗೆ ಒಲಿದ. ಸ್ಯಾಕ್ಸೋಫೋನ್ ಇರಬೇಕಾದ ಜಾಗದಲ್ಲಿ ಕಂಠ ನಿಂತಿತು. ಕೀಬೋರ್ಡಿನ ಕಾರ್ಡುಗಳು ಸರಿದಾಡುತ್ತಿದ್ದರೂ ರಾಗ ಕೈಬಿಡದಂತೆ ಹಾಡುವುದಕ್ಕೆ, ಸಭೆಯ ಪಾಠ ಪಡೆದು ಜಿಂಗಲ್‌ಗಳಲ್ಲಿ ಪಳಗಿದ ಕಿವಿಯೇ ಬೇಕಿತ್ತು. ಸಿಲ್ಕ್ ಪ್ರಧಾನವಾಗಿ ಕಛೇರಿಯ ತಂಡ, ಅಲ್ಲಲ್ಲೇ ಹುಟ್ಟುವ ಮನೋಧರ್ಮವೇ ಅದರ ಜೀವ. ಕೇಳುಗರ ಸಂಖ್ಯೆಯಲ್ಲಿ, ಶಂಕರ್ ಮಹಾದೇವನ್ 1998ರಲ್ಲಿ ಹಾಡಿದ ‘ಬ್ರೆತ್‌ಲೆಸ್’ ಎಂಬ ಒಂದೇ ಹಾಡಿಗೆ ತಂಡದ ಎಲ್ಲ ಕೆಲಸವೂ ಸಮವಾಗಲಿಲ್ಲ. ಸಂಗೀತದ ತೂಕ ನೋಡಿದರೆ ಮಾತು ಬೇರೆ.

2008ರಲ್ಲಿ ಮೈಲ್ಸ್ ಡೇವಿಸ್ ರಚನೆಗಳನ್ನು ಭಾರತೀಯ ಮತ್ತು ಅಮೆರಿಕನ್ ಕಲಾವಿದರು ಸೇರಿ ಮರುನುಡಿಸಿದ ‘ಮೈಲ್ಸ್ ಫ್ರಮ್ ಇಂಡಿಯಾ’ ಬಂದಾಗ ಬ್ಯಾಂಕ್ಸ್ ಮತ್ತು ಶಂಕರ್ ಮಹಾದೇವನ್ ಇಬ್ಬರೂ ಅದರಲ್ಲಿದ್ದರು. ಬಾದಲ್ ರಾಯ್ ಕೂಡ.

ಬ್ಲೂಸ್‌ನ ಎಳೆ ಬೇರೊಂದು ಕಡೆಯಿಂದ ಸೇರಿತು. ಶಂಕರ್ ಮಹಾದೇವನ್ ಇರುವ ಸಂಗೀತ ನಿರ್ದೇಶಕರ ತಂಡ ಶಂಕರ್-ಎಹ್ಸಾನ್-ಲಾಯ್ ತ್ರಯದ ಎಹ್ಸಾನ್ ನೂರಾನಿ ಲಾಸ್ ಏಂಜಲೀಸ್‌ನಲ್ಲಿ ಗಿಟಾರ್ ಕಲಿತವರು, ಮನಸ್ಸಿನಿಂದ ಬ್ಲೂಸ್ ವಾದಕ. ಈ ತ್ರಯ ಸಂಗೀತ ನೀಡಿದ 2001ರ ‘ದಿಲ್ ಚಾಹ್ತಾ ಹೈ’ ಚಿತ್ರದ ನಂತರ ಹಿಂದಿ ಚಿತ್ರಗೀತೆಗಳಲ್ಲಿ ಗಿಟಾರಿನ ಮಾತು ಬದಲಾದದ್ದರಲ್ಲಿ ಅವರ ಪಾಲು ದೊಡ್ಡದು. ಅದೇ ತ್ರಯದ ಲಾಯ್ ಮೆಂಡೋನ್ಸಾ ಅವರ ಸಂಬಂಧಿ ವಾರೆನ್ ಮೆಂಡೋನ್ಸಾ ‘ಬ್ಲ್ಯಾಕ್‌ಸ್ಟ್ರಾಟ್‌ಬ್ಲೂಸ್’ ಹೆಸರಿನಲ್ಲಿ ಹಾಡುಗಾರಿಕೆಯಿಲ್ಲದ ಗಿಟಾರ್ ಸಂಗೀತವನ್ನೇ ಹೆಚ್ಚಾಗಿ ಮಾಡುತ್ತ ಬಂದಿದ್ದಾರೆ.

ಶಕ್ತಿ

ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಎಳವೆಯಲ್ಲಿ ಬ್ಲೂಸ್‌ಗೆ ಮರುಳಾದವರು, ಆಮೇಲೆ ಮೈಲ್ಸ್ ಡೇವಿಸ್ ಜತೆ ನುಡಿಸಿದವರು. 1970ರ ದಶಕದಲ್ಲಿ ಪಿಟೀಲಿನ ಎಲ್. ಶಂಕರ್, ತಬಲಾದ ಝಾಕಿರ್ ಹುಸೇನ್, ಘಟದ ವಿನಾಯಕರಾಂ ಅವರೊಂದಿಗೆ ‘ಶಕ್ತಿ’ ಕಟ್ಟಿದರು. ಅವರ ಗಿಟಾರಿನಲ್ಲಿ ಮೆಟ್ಟಿಲುಗಳ ನಡುವಿನ ಮರವನ್ನು ತಗ್ಗಾಗಿ ಕೊರೆಯಲಾಗಿತ್ತು. ಬೆರಳು ಮರಕ್ಕೆ ತಾಗದೆ ತಂತಿಯನ್ನು ಬೇಕಾದಷ್ಟು ಎಳೆಯಬಹುದಿತ್ತು. ವೀಣೆಯ ಎತ್ತರದ ಮೆಟ್ಟಿಲಿನ ಅನುಕೂಲವನ್ನೇ ಗಿಟಾರಿಗೆ ತಂದಂತಾಯಿತು.

1997ರಲ್ಲಿ ‘ರಿಮೆಂಬರ್ ಶಕ್ತಿ’ ಎಂಬ ಹೆಸರಿನಲ್ಲಿ ತಂಡ ಮತ್ತೆ ಕೂಡಿತು. ಮ್ಯಾಂಡೊಲಿನ್‌ನ ಯು. ಶ್ರೀನಿವಾಸ್, ಖಂಜಿರದ ಸೆಲ್ವಗಣೇಶ್ ಬಂದರು. 2000ದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಮುದ್ರಿಸಿದ ಕಛೇರಿ ‘ಸ್ಯಾಟರ್ಡೇ ನೈಟ್ ಇನ್ ಬಾಂಬೆ’ ಮರುವರ್ಷ ಬಿಡುಗಡೆಯಾಯಿತು. ಶಂಕರ್ ಮಹಾದೇವನ್ ಕಂಠ ಅದರಲ್ಲಿದೆ. ಮೊದಲ ಶಕ್ತಿಯಲ್ಲಿ ಗಾಯಕನಿರಲಿಲ್ಲ. ಶ್ರೀನಿವಾಸ್ 2014ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಆಮೇಲೆ ಪಿಟೀಲಿನ ಗಣೇಶ್ ರಾಜಗೋಪಾಲನ್ ಜತೆಗೂಡಿ, ತಂಡದ ಐವತ್ತನೇ ವರ್ಷದ ಹೊತ್ತಿಗೆ, 2023ರಲ್ಲಿ, ‘ದಿಸ್ ಮೊಮೆಂಟ್’ ತಂದರು. ಫೆಬ್ರವರಿ 2024ರಲ್ಲಿ ಅದಕ್ಕೆ ಗ್ರ್ಯಾಮಿ ಸಿಕ್ಕಿತು. ಆ ವರ್ಷದ ಡಿಸೆಂಬರ್ 15ರಂದು ಝಾಕಿರ್ ಹುಸೇನ್ ನಿಧನರಾದರು.

ವೇದಿಕೆಗಳು

ಚೆಂಬೂರಿನ ಸಂಗೀತಗಾರ ಬ್ಯಾಂಡ್ ಸಂಗೀತಕ್ಕೆ ಸದಾ ಊರು ದಾಟಿಯೇ ಹೋಗಬೇಕಾಯಿತು. 1978ರಲ್ಲಿ ಶುರುವಾದ ಜಾಝ್ ಯಾತ್ರಾ ಉತ್ಸವ, ಸ್ಯಾಕ್ಸೋಫೋನ್ ವಾದಕ ಸನ್ನಿ ರಾಲಿನ್ಸ್‌ರಂಥವರನ್ನು ಕರೆತಂದದ್ದು, ದಕ್ಷಿಣ ಮುಂಬಯಿಯ ರಂಗ್ ಭವನಕ್ಕೆ. 2011ರಲ್ಲಿ ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಬಡ್ಡಿ ಗೈ ಬಂದ ಮಹೀಂದ್ರ ಬ್ಲೂಸ್ ಉತ್ಸವದ ನೆಲೆ ಬಾಂದ್ರಾದ ಮೆಹಬೂಬ್ ಸ್ಟುಡಿಯೋ. ಸ್ಟುಡಿಯೋವೊಂದು ಬ್ಲೂಸ್ ವೇದಿಕೆಯಾಗುವ ಭಾಗ್ಯ ಆರ್.ಕೆ.ಗೆ ಬರಲಿಲ್ಲ.

ಕನ್ನಡಕ್ಕೂ ಮುಂಬಯಿಯ ಋಣವೊಂದಿದೆ. ಮೈಸೂರಿನ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂ ಹಿಡಿದು ಅಲೆದಾಗ, 2008ರಲ್ಲಿ ಅದನ್ನು ಹೊರತಂದವರು ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್. ಶಿಶುನಾಳ ಶರೀಫರ ತತ್ವಪದ ಗಿಟಾರು, ಬೇಸುಗಳೊಂದಿಗೆ ದೇಶ ಸುತ್ತಿದ್ದು ಹಾಗೆ.

16 ಸೆಪ್ಟೆಂಬರ್ 2017ರಂದು ಆರ್.ಕೆ. ಸ್ಟುಡಿಯೋಗೆ ಬೆಂಕಿ ಬಿತ್ತು. ಚಿತ್ರಗಳ ಉಡುಪು, ನೆನಪಿನ ವಸ್ತುಗಳು ಸುಟ್ಟವು. 2019ರಲ್ಲಿ ಗೋದ್ರೆಜ್ ಪ್ರಾಪರ್ಟೀಸ್ ಆ ಜಾಗ ಕೊಂಡಿತು. ಫೈನ್ ಆರ್ಟ್ಸ್ ಸಭಾಂಗಣದಲ್ಲಿ ಕಛೇರಿಗಳು ನಡೆಯುತ್ತಲೇ ಇವೆ.