ಭದ್ರೆಯ ಮೇಲ್ಹರಿವು: ಗಂಗಾಮೂಲದಿಂದ ಲಕ್ಕವಳ್ಳಿಯವರೆಗೆ

ತುಂಗಭದ್ರಾ ನದಿಯ ಎರಡು ಮೂಲಧಾರೆಗಳಲ್ಲಿ ಒಂದಾದ ಭದ್ರಾ ನದಿಯು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಪರ್ವತಶ್ರೇಣಿಯಲ್ಲಿ ಜನಿಸುತ್ತದೆ. ಉಗಮಸ್ಥಾನದಿಂದ ಲಕ್ಕವಳ್ಳಿಯ ಅಣೆಕಟ್ಟೆಯವರೆಗಿನ ಅದರ ಪಯಣವು ಸಹ್ಯಾದ್ರಿಯ ದಟ್ಟ ಕಾನನ, ಹುಲ್ಲುಗಾವಲು ಹಾಗೂ ಕಾಫಿ ತೋಟಗಳ ನಡುವೆ ಸಾಗುತ್ತದೆ.

ಉಗಮ

ವರಾಹ ಪರ್ವತದ ಗಂಗಾಮೂಲವು ಭದ್ರೆಯ ಉಗಮಸ್ಥಾನ. ತುಂಗಾ ನದಿಯ ಮೂಲವೂ ಇದೇ. ನೇತ್ರಾವತಿಯೂ ಇದೇ ಪರ್ವತಸಾಲಿನಲ್ಲಿ ಹುಟ್ಟುತ್ತದೆ. ಆದರೆ ಮೂರರ ಗತಿ ಒಂದೇ ಅಲ್ಲ. ನೇತ್ರಾವತಿಯು ಘಟ್ಟವಿಳಿದು ಮಂಗಳೂರಿನ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ತುಂಗೆಯು ಶೃಂಗೇರಿಯತ್ತ ಸಾಗಿದರೆ, ಭದ್ರೆಯು ಪೂರ್ವಾಭಿಮುಖವಾಗಿ ಕುದುರೆಮುಖ, ಕಳಸಗಳತ್ತ ಹರಿಯುತ್ತದೆ. ಅಗಲಿದ ಈ ಸೋದರಿಯರು ಶಿವಮೊಗ್ಗ ಸಮೀಪದ ಕೂಡಲಿಯಲ್ಲಿ ಮತ್ತೆ ಸಂಗಮಿಸಿ, ಮುಂದೆ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಸೇರುತ್ತಾರೆ.

ಶೋಲಾ ಮತ್ತು ಹುಲ್ಲುಗಾವಲು

ಇಲ್ಲಿನ ಬೆಟ್ಟಗಳ ನೆತ್ತಿಯಲ್ಲಿ ಹುಲ್ಲು, ಕಣಿವೆಗಳ ಮಡಿಲಲ್ಲಿ ಶೋಲಾ ಕಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಭಾರೀ ಮಳೆಯ ನೀರನ್ನು ಹುಲ್ಲಿನ ಬೇರು ಹಾಗೂ ಶೋಲಾದ ತರಗೆಲೆಯ ಹಾಸು ಹೀರಿಕೊಂಡು, ಮಳೆ ನಿಂತ ಬಳಿಕವೂ ತೊರೆಗಳಿಗೆ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತವೆ. ಬೇಸಿಗೆಯಲ್ಲೂ ಭದ್ರೆ ಬತ್ತದಿರಲು ಇದೇ ಮುಖ್ಯ ಕಾರಣ. ಸಿಂಗಳೀಕದ ಆವಾಸವಾದ ಈ ಪ್ರದೇಶವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಇದೂ ಒಂದು.

ಅದಿರಿನ ನೆರಳು

ಈ ಬೆಟ್ಟಗಳ ಒಡಲಲ್ಲಿರುವ ಮ್ಯಾಗ್ನಟೈಟ್ ಅದಿರಿಗಾಗಿ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಸಂಸ್ಕರಿಸಿದ ಅದಿರು ನೀರಿನೊಡನೆ ಬೆರೆತು ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಯುತ್ತಿತ್ತು. ಉಳಿದ ಹೂಳನ್ನು ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟೆ ತಡೆಯುತ್ತಿತ್ತು. ಬಗೆದ ಬೆಟ್ಟಗಳ ಮಣ್ಣು ಮಳೆಗಾಲದಲ್ಲಿ ನದಿಗೆ ಸೇರುತ್ತಿದೆಯೆಂಬ ದೂರು ಬಹುಕಾಲ ಕೇಳಿಬಂತು. ಪರಿಸರವಾದಿಗಳ ದೀರ್ಘ ಹೋರಾಟದ ಫಲವಾಗಿ ಸುಪ್ರೀಂ ಕೋರ್ಟ್ 2002ರಲ್ಲಿ ನೀಡಿದ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ಸ್ಥಗಿತಗೊಂಡಿತು. ಗಣಿ ಮುಚ್ಚಿದರೂ ಲಕ್ಯಾ ಕಣಿವೆಯಲ್ಲಿ ದಶಕಗಳ ಹೂಳು ಹಾಗೆಯೇ ಇದೆ. ಆ ಕಟ್ಟೆಯ ಸುರಕ್ಷತೆಯೇ ಕೆಳಗಿನ ನದಿಯ ಸುರಕ್ಷತೆ.

ಕಳಸದಿಂದ ಕೆಳಗೆ

ಕಳಸದಲ್ಲಿ ಕಳಸೇಶ್ವರ, ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿ ಸನ್ನಿಧಿಗಳಿವೆ. ಕಳಸದ ಸಮೀಪದ ಅಂಬಾತೀರ್ಥದಲ್ಲಿ ನದಿಯು ಬಂಡೆಗಳನ್ನು ಕೊರೆದು ಹರಿಯುತ್ತದೆ. ಇಲ್ಲಿನ ಹೆಬ್ಬಂಡೆಯೊಂದನ್ನು ಮಧ್ವಾಚಾರ್ಯರು ಇರಿಸಿದರೆಂಬುದು ಪ್ರತೀತಿ. ಮಳೆ ಬಿರುಸಾದಾಗ ಕಳಸ–ಹೊರನಾಡು ಮಾರ್ಗದ ಹೆಬ್ಬಾಳೆ ಸೇತುವೆ ಮುಳುಗಿ ಸಂಚಾರ ಕಡಿದುಹೋಗುವುದುಂಟು. ಅನಂತರ ಉತ್ತರಕ್ಕೆ ಹೊರಳುವ ನದಿ ಬಾಳೆಹೊನ್ನೂರನ್ನು ಹಾದು ಭದ್ರಾ ಅಭಯಾರಣ್ಯದ ಅಂಚಿಗೆ ಬರುತ್ತದೆ. 1998ರಲ್ಲಿ ಈ ಅರಣ್ಯ ಹುಲಿ ಯೋಜನೆಯ ವ್ಯಾಪ್ತಿಗೆ ಬಂದಿತು.

ಲಕ್ಕವಳ್ಳಿಯ ಜಲಾಶಯದಲ್ಲಿ ಮೇಲ್ಹರಿವು ಕೊನೆಗೊಳ್ಳುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಭತ್ತ, ಅಡಿಕೆ ಬೆಳೆಗಾರರ ಪಾಲಿಗೆ ಈ ಜಲಾಶಯವೇ ಜೀವನಾಡಿ. ಅದರ ಭವಿಷ್ಯ ನಿಂತಿರುವುದು ಮಾತ್ರ ಗಂಗಾಮೂಲದ ಹುಲ್ಲು ಮತ್ತು ಶೋಲಾದ ಉಳಿವಿನ ಮೇಲೆ.