ನಿಜಾಮರ ಸಿಂಹಾಸನ-ಮೋಟಾರು

ಕಾಗಿಣಾ ನದಿಯ ದಂಡೆಯ ಮೇಲಿರುವ ನಮ್ಮ ದಂಡೋತಿಯಿಂದ ಹೊಳೆಯನ್ನು ಹಿಡಿದು ಮೇಲಕ್ಕೆ ಸಾಗಿದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವು ಸಿಗುವದು. ಅಲ್ಲಿಯ ಅರಸರ ಆನೆ ಕುದುರೆಗಳ ವೈಭವವನ್ನು ಓದಿ ನಾವು ಹೆಮ್ಮೆಪಡುವದುಂಟು. ಆದರೆ ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಈ ಸೀಮೆಯನ್ನು ಆಳಿದ ಅಸಫಜಾಹಿ ಮನೆತನದ ವಾಹನವೈಭವವನ್ನು ನೆನೆಯುವವರು ವಿರಳ. ಆ ವೈಭವದ ತುತ್ತತುದಿಯಲ್ಲಿ ನಿಂತಿರುವದು ಆನೆಯಲ್ಲ, ಕುದುರೆಯೂ ಅಲ್ಲ. ಇಂಗ್ಲಂಡದಲ್ಲಿ ಕಟ್ಟಿದ ಒಂದು ಹಳದಿ ಬಣ್ಣದ ಮೋಟಾರು. ಅದರ ವೃತ್ತಾಂತವನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ.

ಈಗಿನ ಮೋಟಾರುಗಳು ಕಾರಖಾನೆಯಿಂದ ಪೂರ್ಣ ರೂಪದಲ್ಲಿಯೇ ಹೊರಬೀಳುತ್ತವೆ. ಆಗಿನ ಪದ್ಧತಿ ಹಾಗಿರಲಿಲ್ಲ. ಶ್ರೀಮಂತರ ಮೋಟಾರಿಗೆ ಇಬ್ಬರು ಕರ್ತರು. ಯಂತ್ರ, ಚೌಕಟ್ಟು, ಗಾಲಿ ಇವಿಷ್ಟನ್ನು ಒಬ್ಬನು ಮಾಡಿ ಮಾರುತ್ತಿದ್ದನು. ಇದಕ್ಕೆ ಚಾಸಿ ಎಂದು ಹೆಸರು. ಅದರ ಮೇಲೆ ಜನರು ಕೂಡ್ರುವ ಮೈಗೂಡನ್ನು ಕಟ್ಟುವವನು ಬೇರೊಬ್ಬನು. ಈ ಎರಡನೆಯವರು ಮೂಲತಃ ಕುದುರೆ ಸಾರೋಟು ಕಟ್ಟುತ್ತಿದ್ದ ಮನೆತನದವರು. ಲಂಡನ್ನಿನ ಬಾರ್ಕರ್ ಕಂಪನಿಯು ೧೭೧೦ರಲ್ಲಿಯೇ ಸ್ಥಾಪಿತವಾದದ್ದು. ಹೂಪರ್ ಕಂಪನಿಯು ೧೯ನೆಯ ಶತಮಾನದ ಆರಂಭದ್ದು. ಕುದುರೆಗಳು ಹೋಗಿ ಯಂತ್ರ ಬಂದಿತು. ಕಟ್ಟುವ ಕೈಗಳು ಮಾತ್ರ ಅವೇ ಉಳಿದವು. ಬಾಗುವ ಗುಣವುಳ್ಳ ಆಶ್ ಎಂಬ ಮರದಿಂದ ಹಂದರವನ್ನು ಕೂಡಿಸಿ, ಅದರ ಮೇಲೆ ಅಲ್ಯೂಮಿನಿಯಮ್ ತಗಡನ್ನು ಕೈಯಿಂದಲೇ ಬಡಿದು ಬಾಗಿಸಿ ಹೊದಿಸುವರು. ಬಣ್ಣವನ್ನು ಪದರು ಪದರಾಗಿ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚುವರು. ಒಂದೊಂದಕ್ಕೆ ತಿಂಗಳುಗಟ್ಟಲೆ ಕಾಲ ಹಿಡಿಯುತ್ತಿತ್ತು. ಕೊಳ್ಳುವವನ ಇಷ್ಟದಂತೆ ಕಟ್ಟುತ್ತಿದ್ದುದರಿಂದ ಒಂದರಂತೆ ಇನ್ನೊಂದಿಲ್ಲ.

ಚಾಸಿಗಳಲ್ಲಿ ಶ್ರೇಷ್ಠವೆಂದು ಹೆಸರಾದದ್ದು ರೋಲ್ಸ್-ರಾಯ್ಸ್. ಚಾರ್ಲ್ಸ್ ರೋಲ್ಸ್ ಎಂಬ ಸಿರಿವಂತ ತರುಣನೂ ಹೆನ್ರಿ ರಾಯ್ಸ್ ಎಂಬ ಬಡತನದಿಂದ ಮೇಲೆದ್ದ ಯಂತ್ರಜ್ಞನೂ ೧೯೦೪ರಲ್ಲಿ ಮ್ಯಾಂಚೆಸ್ಟರಿನಲ್ಲಿ ಭೇಟಿಯಾದರು. ೧೯೦೬ರಲ್ಲಿ ಅವರ ಆರು ಸಿಲಿಂಡರಿನ ಮೋಟಾರು ಪ್ರಕಟವಾಯಿತು. ಮರುವರ್ಷ ಬಾರ್ಕರ್ ಕಂಪನಿಯು ಮೈಗೂಡು ಕಟ್ಟಿದ, ಬೆಳ್ಳಿಯ ಬಣ್ಣದ ಒಂದು ಮೋಟಾರು ತನ್ನಿಂದಾದ ದೋಷಕ್ಕಾಗಿ ಎಲ್ಲಿಯೂ ನಿಲ್ಲದೆ ೧೪,೩೭೧ ಮೈಲು ಓಡಿ ಜಗತ್ತನ್ನು ಬೆರಗುಗೊಳಿಸಿತು. ಸದ್ದಿಲ್ಲದೆ ಸುಳಿಯುತ್ತಿದ್ದ ಅದಕ್ಕೆ 'ಸಿಲ್ವರ್ ಘೋಸ್ಟ್', ಅಂದರೆ ಬೆಳ್ಳಿಯ ಭೂತ, ಎಂಬ ಹೆಸರಾಯಿತು; ಆ ಹೆಸರೇ ಮುಂದೆ ಆ ಜಾತಿಯ ಮೋಟಾರುಗಳಿಗೆಲ್ಲ ರೂಢವಾಯಿತು. ೧೯೨೬ರ ವರೆಗೆ ಇಂಗ್ಲಂಡ ಅಮೇರಿಕಗಳೆರಡರಲ್ಲಿಯೂ ಕೂಡಿ ಇಂಥವು ೭,೮೭೪ ತಯಾರಾದವು.

ನಮ್ಮ ದೇಶದ ಸಂಸ್ಥಾನಿಕರು ಇವಕ್ಕೆ ದೊಡ್ಡ ಗಿರಾಕಿಗಳಾದರು. ಮೈಸೂರಿನ ಅರಮನೆಗೆ ಒಂದೇ ಸಲಕ್ಕೆ ಏಳೇಳು ಮೋಟಾರುಗಳನ್ನು ಕೊಳ್ಳುತ್ತಿದ್ದರೆಂದೂ, ಅದರಿಂದ ಆ ಕಂಪನಿಯವರಲ್ಲಿ 'ಮೈಸೂರು ಮಾಡುವದು' ಎಂಬ ನುಡಿಯೇ ಹುಟ್ಟಿತೆಂದೂ ಹೇಳಿಕೆಯಿದೆ. ಹೈದರಾಬಾದಿನ ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು ಬಯಸಿದ್ದು ಮಾತ್ರ ಬರಿಯ ಮೋಟಾರನ್ನಲ್ಲ, ಚಲಿಸುವ ಸಿಂಹಾಸನವನ್ನು. ಬಾರ್ಕರ್ ಕಂಪನಿಯು ಸಿಲ್ವರ್ ಘೋಸ್ಟಿನ ಚಾಸಿಯ ಮೇಲೆ ಅದನ್ನು ಕಟ್ಟಿತು. ಹಿಂದುಗಡೆ ಎತ್ತರವಾದ ಒಂದೇ ಆಸನ. ಅಂಬಾರಿಯಲ್ಲಿ ಕುಳಿತಂತೆ ಅರಸನು ಎಲ್ಲರ ಕಣ್ಣಿಗೆ ಕಾಣಬೇಕು, ಅದಕ್ಕಾಗಿ ಮೇಲ್ಚಾವಣಿಯೂ ಎತ್ತರ. ಪರಿವಾರದವರಿಗೆ ಕೆಳಗಡೆ ಮಡಚುವ ಪೀಠಗಳು. ಬಣ್ಣವು ಅಸಫಜಾಹಿ ಧ್ವಜದ ಹಳದಿ.

ವಿಧಿಯ ಆಟವನ್ನು ನೋಡಿರಿ. ಮೋಟಾರು ಕೈಸೇರುವ ಮೊದಲೇ, ೧೯೧೧ನೆಯ ಇಸವಿ ಆಗಸ್ಟ್ ೨೯ರಂದು ಮಹಬೂಬ್ ಅಲಿ ಖಾನರು ತೀರಿಕೊಂಡರು. ಸಿಂಹಾಸನದೊಂದಿಗೆ ಸಿಂಹಾಸನ-ಮೋಟಾರೂ ಮಗನಾದ ಮೀರ್ ಉಸ್ಮಾನ್ ಅಲಿ ಖಾನರ ಪಾಲಿಗೆ ಬಂದಿತು. ಅವರೋ ಐಶ್ವರ್ಯಕ್ಕೆ ಎಷ್ಟು ಪ್ರಸಿದ್ಧರೋ ಮಿತವ್ಯಯಕ್ಕೂ ಅಷ್ಟೇ ಪ್ರಸಿದ್ಧರು. ಹಳದಿಯ ಮೋಟಾರು ವಿಶೇಷ ಪ್ರಸಂಗಗಳಲ್ಲಿ ಮಾತ್ರ ಹೊರಬಿದ್ದು, ಉಳಿದ ಕಾಲವೆಲ್ಲ ಲಾಯದಲ್ಲಿ ಕಟ್ಟಿದ ಪಟ್ಟದ ಕುದುರೆಯಂತೆ ನಿಂತೇ ಇತ್ತು.

ಇದು ನಮ್ಮ ಸೀಮೆಗೆ ಹೇಗೆ ಸಂಬಂಧಿಸುವದೆಂದು ವಾಚಕರು ಕೇಳಬಹುದು. ಸಂಬಂಧವು ಎರಡು ಬಗೆಯದು. ಮೊದಲನೆಯದು ದಾರಿಯ ಸಂಬಂಧ. ಮುಂಬಯಿಯಿಂದ ರಾಯಚೂರಿಗೆ ಹೋಗುವ ರೇಲ್ವೆಯಿಂದ ವಾಡಿಯಲ್ಲಿ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ ಹೋಗುವ ನಿಜಾಮರ ಹಳಿಯು ೧೮೭೪ರಲ್ಲಿ ತೆರೆಯಿತು. ಮುಂಬಯಿಯ ಬಂದರದಲ್ಲಿ ಇಳಿದ ವಿಲಾಯತಿ ಸಾಮಾನಿಗೆ ರಾಜಧಾನಿಯನ್ನು ಸೇರಲು ನೇರವಾದ ಹಾದಿ ಇದೇ. ಆದುದರಿಂದ ಆ ಹಳದಿಯ ಮೋಟಾರೂ ನಮ್ಮ ಹೊಲಗಳ ಬದಿಯಿಂದಲೇ ಸಾಗಿರಬೇಕೆಂದು ಊಹಿಸುವದು ತಪ್ಪಾಗಲಾರದು. ಜೋಳದ ಹೊಲದಲ್ಲಿ ನಿಂತ ರೈತನು ಗಾಡಿಯ ಡಬ್ಬಿಗಳನ್ನು ಎಣಿಸಿದ್ದರೂ, ಅವುಗಳಲ್ಲಿ ಏನಿತ್ತೆಂಬುದನ್ನು ತಿಳಿಯುವ ಬಗೆ ಅವನಿಗಿರಲಿಲ್ಲ.

ಎರಡನೆಯದು ಹಣದ ಸಂಬಂಧ. ಇದು ಹೆಚ್ಚು ಆಳವಾದದ್ದು. ನಿಜಾಮ ಸಂಸ್ಥಾನದಲ್ಲಿ ಸರಕಾರದ ನೆಲವಲ್ಲದೆ, ಅರಸನ ಸ್ವಂತ ವೆಚ್ಚಕ್ಕೆ ಮೀಸಲಾದ ಸರ್ಫ್-ಎ-ಖಾಸ್ ಸೀಮೆಯೂ ಪಾಯಗಾ ಜಹಗೀರುಗಳೂ ಇದ್ದವು. ಜೋಳ ತೊಗರಿಗಳನ್ನು ಬೆಳೆದವನ ಕಂದಾಯವೇ ಅರಮನೆಯ ಬಂಗಾರವಾಗುತ್ತಿತ್ತು. ಅರಸನ ಆಸನವು ಎತ್ತರವಾದಷ್ಟೂ ಅದನ್ನು ಹೊತ್ತವರ ಬೆನ್ನು ಬಾಗಲೇಬೇಕಷ್ಟೆ! ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನದ ಆಳಿಕೆ ಮುಗಿದು, ಮರುವರ್ಷವೇ ಸರ್ಫ್-ಎ-ಖಾಸೂ ಜಹಗೀರುಗಳೂ ರದ್ದಾದವು.

ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಆಳಿಕೆಯಲ್ಲಿ, ೧೯೩೨ರಲ್ಲಿ, ನಿಜಾಮ ಸಂಸ್ಥಾನದ ರೇಲ್ವೆಯು ೨೭ ಬಸ್ಸುಗಳಿಂದ ರಸ್ತೆಯ ಸಾರಿಗೆಯನ್ನು ಆರಂಭಿಸಿತು. ಆಗಿನ ಆಲ್ಬಿಯನ್ ಬಸ್ಸುಗಳೂ ಬ್ರಿಟನ್ನಿನವೇ. ಸಿಂಹಾಸನ-ಮೋಟಾರಿನಲ್ಲಿ ಒಬ್ಬನು ಕುಳಿತನು. ಬಸ್ಸಿನಲ್ಲಿ ಚೀಟಿ ಕೊಂಡವರೆಲ್ಲ ಕುಳಿತರು. ಇತಿಹಾಸಕಾರರ ಕಣ್ಣು ಮೊದಲನೆಯದರ ಮೇಲೆ ನೆಡುವದು. ಜನಜೀವನವನ್ನು ಬದಲಿಸಿದ್ದು ಎರಡನೆಯದು.

ಇನ್ನು ಆ ಕುಶಲಿಗರ ಗತಿಯೇನಾಯಿತು? ಬಾರ್ಕರ್ ಕಂಪನಿಯು ೧೯೩೮ರಲ್ಲಿ ಹೂಪರರಲ್ಲಿ ಲೀನವಾಯಿತು. ಎರಡನೆಯ ಮಹಾಯುದ್ಧದ ತರುವಾಯ ಯಂತ್ರದಲ್ಲಿ ಒತ್ತಿದ ಉಕ್ಕಿನ ಮೈಗೂಡುಗಳು ಬಂದವು. ೧೯೫೯ರಲ್ಲಿ ಹೂಪರರು ಮೈಗೂಡು ಕಟ್ಟುವದನ್ನು ನಿಲ್ಲಿಸಿದರು. ೧೯೬೫ರ ರೋಲ್ಸ್-ರಾಯ್ಸಿನಲ್ಲಿ ಚಾಸಿಯೂ ಮೈಗೂಡೂ ಒಂದೇ ಆದುದರಿಂದ, ಬೇರೆಯವನು ಮೈಗೂಡು ಕಟ್ಟಲು ಆಸ್ಪದವೇ ಹೆಚ್ಚಾಗಿ ಉಳಿಯಲಿಲ್ಲ. ಇನ್ನೂರು ವರ್ಷ ಕುದುರೆಗೂ ಯಂತ್ರಕ್ಕೂ ಹೊಂದಿಕೊಂಡು ಬಾಳಿದ ಕಸಬು ಒಂದು ತಲೆಮಾರಿನಲ್ಲಿ ಅಳಿಯಿತು.

ಇದನ್ನು ಕೇಳುವಾಗ ನಮ್ಮ ಊರುಗಳ ಬಡಿಗ ಕಮ್ಮಾರರ ನೆನಪಾಗದೆ ಇರದು. ಒಬ್ಬನು ಒಣಗಿದ ಕಟ್ಟಿಗೆಯನ್ನು ಆರಿಸಿ ಗುಂಬ, ಅರೆಕಾಲುಗಳನ್ನು ಕೂಡಿಸುವನು. ಇನ್ನೊಬ್ಬನು ಕಬ್ಬಿಣದ ಹಳಿಯನ್ನು ಕೆಂಪಗೆ ಕಾಸಿ ಗಾಲಿಗೆ ತೊಡಿಸಿ ನೀರೆರೆಯುವನು. ತಣಿದ ಹಳಿಯು ಗಾಲಿಯನ್ನು ಬಿಗಿದಪ್ಪುವದು. ಇಬ್ಬರು ಕರ್ತರು ಕೂಡಿದ ಹೊರತು ಒಂದು ವಾಹನವಿಲ್ಲವೆಂಬ ನಿಯಮವು ಲಂಡನ್ನಿಗೆ ಹೇಗೋ ನಮ್ಮ ಊರಿಗೂ ಹಾಗೆಯೇ. ರಬ್ಬರಿನ ಟಾಯರೂ ಟ್ರ್ಯಾಕ್ಟರೂ ಬಂದ ಮೇಲೆ ಇವರ ಕಸಬೂ ಅದೇ ಹಾದಿಯನ್ನು ಹಿಡಿದಿದೆ. ಭೇದವಿಷ್ಟೇ: ಬಾರ್ಕರರ ಕೆಲಸವು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ದುರಸ್ತಿಯಾಗಿ, ಹೊಳಪೇರಿ, ಪ್ರೇಕ್ಷಕರಿಗಾಗಿ ನಿಂತಿದೆ, ನಮ್ಮವರು ಕಟ್ಟಿದ ಗಾಡಿಗಳು ಹಿತ್ತಲಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ.

ಅರಸನ ಆಡಂಬರವನ್ನು ಹೊಗಳಲು ಈ ಲೇಖನವನ್ನು ಬರೆದಿಲ್ಲ. ಕುಶಲಿಗನ ಕೈಗೆಲಸವನ್ನು ಹಳಿಯಲೂ ಅಲ್ಲ. ಕಾಗಿಣೆಯು ತುಂಬಿ ದಂಡೋತಿಯ ಸೇತುವೆಯ ಮೇಲೆ ಹರಿದು ಸಂಚಾರ ನಿಂತುದನ್ನು ಇತ್ತೀಚಿನ ವರ್ಷಗಳಲ್ಲಿಯೂ ನಾವು ಕಂಡಿದ್ದೇವೆ. ಆಗ ದಂಡೆಯಲ್ಲಿ ಕಾಯುವವರಿಗೆ ಬೇಕಾದದ್ದು ಸಿಂಹಾಸನವಲ್ಲ, ದಾರಿ. ಚೌಮಹಲ್ಲೆಗೆ ಹೋಗುವ ನಮ್ಮ ಮಕ್ಕಳು ಆ ಹಳದಿಯ ಮೋಟಾರನ್ನು ಕಣ್ತುಂಬ ನೋಡಲಿ. ತಗಡನ್ನು ಬಾಗಿಸಿದ ಕೈಗಳನ್ನು ಮೆಚ್ಚಲಿ. ಅದಕ್ಕೆ ಬೆಲೆ ತೆತ್ತ ಕೈಗಳು ತಮ್ಮ ಮುತ್ತಜ್ಜಂದಿರವೆಂಬುದನ್ನೂ ಮರೆಯದಿರಲಿ.