ಹಿತ್ತಲಲ್ಲಿ ಹುಟ್ಟಿದ ಲೋಹ

ಯಿಶುನ್‌ನಲ್ಲಿ ನಮ್ಮ ರೂಮಿನ ಕಿಟಕಿ ಚೌಕಟ್ಟು, ಅನ್ನದ ಪಾತ್ರೆ, ಸೈಟಿನ ಏಣಿ, ಕುಡಿದು ಬಿಸಾಕೋ ಕ್ಯಾನು, ಎಲ್ಲ ಅಲ್ಯುಮಿನಿಯಂ. ಅಗ್ಗದ ಸಾಮಾನು ಅಂತ ನಾವು ಅದರ ಕಡೆ ತಿರುಗಿಯೂ ನೋಡಲ್ಲ. ಆದರೆ 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ತುದಿಗೆ ಇದನ್ನೇ ಕಿರೀಟದ ಹಾಗೆ ಇಟ್ಟರು. ಆಗ ಇದರ ಬೆಲೆ ಹೆಚ್ಚುಕಡಿಮೆ ಬೆಳ್ಳಿಯಷ್ಟು!

ಕಾರಣ ಇಷ್ಟೇ. ಮಣ್ಣಿನಲ್ಲಿ ಅಲ್ಯುಮಿನಿಯಂ ಬೇಕಾದಷ್ಟಿದೆ, ಆದರೆ ಆಮ್ಲಜನಕದ ಜೊತೆ ಗಟ್ಟಿಯಾಗಿ ಅಂಟಿಕೊಂಡಿದೆ. ಕಬ್ಬಿಣದ ಹಾಗೆ ಇದ್ದಿಲು ಹಾಕಿ ಬೇರ್ಪಡಿಸೋಕೆ ಆಗಲ್ಲ. ಅಗ್ಗವಾಗಿ ತೆಗೆಯೋಕೆ ಕರೆಂಟೇ ಬೇಕು.

ಈ ದಾರಿ ಕಂಡಿದ್ದು ದೊಡ್ಡ ಕಾರ್ಖಾನೆಯಲ್ಲಲ್ಲ. ಓಹಾಯೋ ರಾಜ್ಯದ ಓಬರ್ಲಿನ್ ಊರಲ್ಲಿ ಚಾರ್ಲ್ಸ್ ಹಾಲ್ ಅನ್ನೋ 22 ವರ್ಷದ ಹುಡುಗ, ಮನೆಯ ಸೌದೆ ಕೊಟ್ಟಿಗೆಯಲ್ಲಿ, ತಾನೇ ಮಾಡಿದ ಬ್ಯಾಟರಿಗಳಿಂದ, 1886ರ ಫೆಬ್ರವರಿ 23ರಂದು ಲೋಹದ ಸಣ್ಣ ಗುಂಡುಗಳನ್ನು ತೆಗೆದ. ರಸಾಯನಶಾಸ್ತ್ರ ಓದಿದ್ದ ಅಕ್ಕ ಜೂಲಿಯಾ ಜೊತೆಗಿದ್ದಳು. ಅದೇ ವರ್ಷ ಫ್ರಾನ್ಸಿನಲ್ಲಿ ಅದೇ ವಯಸ್ಸಿನ ಪಾಲ್ ಹೆರೂ ಕೂಡ ಇದೇ ದಾರಿ ಕಂಡು, ಹಾಲ್‌ಗಿಂತ ಮೊದಲೇ ಪೇಟೆಂಟ್ ಅರ್ಜಿ ಹಾಕಿದ್ದ. ಅಮೆರಿಕದಲ್ಲಿ ವಿವಾದವಾಯ್ತು. ಯಾವ ದಿನ ಏನಾಯ್ತು ಅಂತ ಅಕ್ಕ ಬರೆದುಕೊಟ್ಟ ವಿವರ ತಮ್ಮನ ಕೈಹಿಡಿಯಿತು. 1889ರಲ್ಲಿ ಅಲ್ಲಿನ ಪೇಟೆಂಟ್ ಹಾಲ್‌ಗೇ ಸಿಕ್ಕಿತು.

ನಮ್ಮ ಕಡೆಗೆ ಇದನ್ನು ತಂದವರಲ್ಲಿ ಆಲ್ಫ್ರೆಡ್ ಚಾಟರ್ಟನ್ ಮುಖ್ಯರು. 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆ ಮಾಡಿಸಲು ಶುರುಮಾಡಿದರು. ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಕೇರಳದ ಆಲುವಾದಲ್ಲಿ 1943ರಲ್ಲಿ ಲೋಹ ತೆಗೆಯೋ ಕಾರ್ಖಾನೆ ಬಂತು. 1960ರ ದಶಕದ ಕೊನೆಗೆ ನಮ್ಮ ಬೆಳಗಾವಿಗೂ ಇಂಡಾಲ್ ಬಂತು.

ಬೆಳಗಾವಿ ಅಂದರೆ ಎರಕದ ಊರು. ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ನಮ್ಮಪ್ಪ ಅಚ್ಚು ಮಾಡೋ ಕೆಲಸದಲ್ಲಿದ್ದ. ಅಲ್ಲಿ ಹೊಟ್ಟೆಪಾಡಿಗೆ ಕಬ್ಬಿಣ, ಭಾನುವಾರ ಹಿತ್ತಲಲ್ಲಿ ಖುಷಿಗೆ ಅಲ್ಯುಮಿನಿಯಂ. ಹಳೇ ಪೇಂಟ್ ಡಬ್ಬಿಗೆ ಒಳಗೆ ಮಣ್ಣು ಮೆತ್ತಿದ ಕುಲುಮೆ, ಇದ್ದಿಲು, ಕೈಯಲ್ಲಿ ತಿರುಗಿಸೋ ಗಾಳಿಯಂತ್ರ. ಬೀಡು ಕರಗೋಕೆ ಸುಮಾರು 1150 ಡಿಗ್ರಿ ಬೇಕು, ಇದಕ್ಕೆ 660 ಸಾಕು. ಕ್ಯಾನು ಕರಗಿಸಿದರೆ ಬರೀ ಕಿಟ್ಟ, ಸ್ಕೂಟರಿನ ಹಳೇ ಪಿಸ್ಟನ್ ತಾ ಅಂತಿದ್ದ. ಅದರಲ್ಲಿ ಸಿಲಿಕಾನ್ ಇರೋದರಿಂದ ಅಚ್ಚಿನ ಮೂಲೆಮೂಲೆಗೂ ಹರಿಯುತ್ತೆ. ಲೋಹ ಆರಿದಾಗ ಕುಗ್ಗುತ್ತೆ ಅಂತ ಮರದ ಮಾದರಿಯನ್ನು ಅಡಿಗೆ ಸುಮಾರು 4 ಮಿಲಿಮೀಟರ್ ದೊಡ್ಡದಾಗಿ ಕೆತ್ತುತ್ತಿದ್ದ. ಪಂಪಿನ ಪುಲ್ಲಿ, ಹಿಡಿಕೆ, ಮುಚ್ಚಳ, ಊರವರು ಕೇಳಿದ್ದೆಲ್ಲ ಮಾಡಿಕೊಟ್ಟ. ದುಡ್ಡು ಕೇಳಿದ್ದು ನಾನು ನೋಡಿಲ್ಲ.

ಒಂದು ಮಳೆಗಾಲ ಅಚ್ಚಿನ ಮರಳಿಗೆ ನೀರು ಹೆಚ್ಚು ಹಾಕಿದ್ದು ನಾನು. ಲೋಹ ಹುಯ್ದ ತಕ್ಷಣ ನೀರು ಆವಿಯಾಗಿ, ಕಾದ ಲೋಹ ಅಪ್ಪನ ಪಾದಕ್ಕೆ ಎರಚಿತು. ನನ್ನ ಬೈಯಲಿಲ್ಲ. "ಮರಳು ಮುಟ್ಟಿ ನೋಡಬೇಕಿತ್ತು, ನಾನೇ ನೋಡಲಿಲ್ಲ" ಅಂದ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿತು ಇಲ್ಲಿಗೆ ಬಂದೆ. ಇವತ್ತಿಗೂ ಯಾವ ಲೈನನ್ನೂ ಟೆಸ್ಟರ್ ಹಚ್ಚಿ ನೋಡದೆ ಮುಟ್ಟಲ್ಲ. ಆ ಅಭ್ಯಾಸ ಆ ಹಿತ್ತಲಿನದು.

ಅಪ್ಪ ಈಗಿಲ್ಲ. ಹೋದ ತಿಂಗಳು ತಮ್ಮ ಫೋನ್ ಮಾಡಿ, "ಹಿತ್ತಲಲ್ಲಿ ಒಂದು ಚೀಲ ಕಟ್ಟಿಗೆ ಬೊಂಬೆ ಅದಾವ, ಒಲೆಗೆ ಹಾಕ್ಲೇನು?" ಅಂದ. ಅವೇ ಅಪ್ಪನ ಮಾದರಿಗಳು. ಹಾಕಬೇಡ ಅಂದೆ. ಯಾವುದು ಯಾರ ಪಂಪಿಗೆ, ಯಾವ ವರ್ಷ ಅಂತ ಅವ್ವನ್ನ ಕೇಳಿ ಒಂದೊಂದಕ್ಕೂ ಚೀಟಿ ಅಂಟಿಸು ಅಂದೆ. ಅವ್ವನಿಗೆ ಎಲ್ಲ ನೆನಪಿದೆಯಂತೆ.

ಹಾಲ್‌ಗೆ ಬರೆದುಕೊಡೋ ಅಕ್ಕ ಇದ್ದಳು. ನಮ್ಮಪ್ಪಂದಿರ ಕೆಲಸ ಬರೆಯೋರು ನಾವೇ. ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ನೀವೂ ಕೇಳಿ, ಬರೆದಿಟ್ಟುಕೊಳ್ಳಿ.